ಗುದ್ದಲಿ ಬಿಡಿಸಿದ ಮಾಸ್ತರು

ನಮ್ಮೂರಿನಲ್ಲಿ ಶಾಂತಿಗಾಗಿ ಅತಿ ಹೆಚ್ಚು ಜಗಳ ಮಾಡಿದವರು ಯಾರು ಅಂತ ಯಾರಾದರೂ ಕೇಳಿದರೆ ನಾನು ಹಿಂದೆ ಮುಂದೆ ನೋಡದೆ ಮಾಸ್ತರ ಕಡೆ ಬೊಟ್ಟು ಮಾಡಿಬಿಡುತ್ತೇನೆ. ಬೊಟ್ಟು ಮಾಡಲು ಈಗ ಅವರಿಲ್ಲ, ಆ ಮಾತು ಬೇರೆ. ಇದ್ದಷ್ಟು ಕಾಲ ಒಂದು ತಕರಾರು ಇಲ್ಲದೆ ಅವರ ಗಂಟಲಲ್ಲಿ ಚಹಾ ಇಳಿದದ್ದನ್ನು ನಾನು ಕಂಡಿಲ್ಲ. ಆದರೆ ಆ ಜಗಳಕ್ಕೆ ಅವರೇ ಹಾಕಿಕೊಂಡ ಒಂದು ಕಟ್ಟಳೆ ಇತ್ತು. ಮುಸಲ್ಮಾನರಾದ ಅವರು ಧರ್ಮದ ವಿಷಯಕ್ಕೆ ಜಗಳ ತೆಗೆಯುತ್ತಿದ್ದುದು ಮುಸಲ್ಮಾನರ ಜೊತೆ ಮಾತ್ರ. ಹಿಂದೂಗಳ ಆಚಾರ, ದೇವರು, ಹಬ್ಬ ಯಾವುದರ ಬಗ್ಗೆಯೂ ಅವರ ಬಾಯಿಂದ ಅರ್ಧ ಮಾತು ಹೊರಡಿಸುವುದು ಯಾರ ಅಪ್ಪನಿಂದಲೂ ಸಾಧ್ಯವಿರಲಿಲ್ಲ.

ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲ. ಕೇರಿಯ ನನ್ನ ಗೆಳತಿಯೊಬ್ಬಳು ಮನೆಗೆ ಬಂದಾಗ ನಮ್ಮ ಅಜ್ಜಿ ಅವಳಿಗೆ ಹಿತ್ತಲಲ್ಲಿ ಬೇರೆ ಇಟ್ಟಿದ್ದ ವಾಟಿಯಲ್ಲಿ ಚಹಾ ಕೊಟ್ಟಳು. ನನಗೆ ಮೈಯೆಲ್ಲ ಉರಿಯಿತು. ಓಡಿಹೋಗಿ ಮಾಸ್ತರ ಮುಂದೆ ಹೇಳಿದೆ, ಇವರಾದರೂ ನಮ್ಮ ಮನೆಯವರಿಗೆ ನಾಲ್ಕು ಬೈಯುತ್ತಾರೆ ಅಂತ. ಅವರು ಪೂರ್ತಿ ಕೇಳಿಸಿಕೊಂಡು ನನ್ನನ್ನೇ ಬೈದರು.

"ಇದನ್ನ ನನ್ನ ಮುಂದ ಯಾಕ ಹೇಳಾಕ ಬಂದಿ? ನಾ ಬಂದ ಹೇಳಿದ್ರ ಅದು ಬೈಗುಳ ಆಗತೈತಿ. ನೀ ಹೇಳಿದ್ರ ಬುದ್ಧಿಮಾತ ಆಗತೈತಿ. ಹೋಗ, ನಿಮ್ಮಪ್ಪನ ಮುಂದ ನಿಂತ ಹೇಳ ಹೋಗ. ಅಂವ ಕೇಳಲಿಲ್ಲಂದ್ರ ಊಟಾ ಬಿಟ್ಟು ಕುಂಡ್ರು."

ನಾನು ಊಟ ಬಿಟ್ಟು ಕೂತೆ. ಸಂಜೆಯ ಹೊತ್ತಿಗೆ ಆ ವಾಟಿ ಎಮ್ಮೆಗೆ ಹಿಂಡಿ ಅಳೆಯಲು ಹೋಯಿತು. ಧರ್ಮ ಸುಧಾರಣೆ ಎಂಬ ದೊಡ್ಡ ಮಾತನ್ನು ನಾನು ಕಲಿತದ್ದು ಹೀಗೆ, ಹಸಿದ ಹೊಟ್ಟೆಯಲ್ಲಿ.

ನಮ್ಮೂರು ಸಾವಳಗಿಯ ಆಚೆ, ಹೊಳೆಯ ಕಡೆಗೆ. ಮಾಸ್ತರು ಕನ್ನಡ ಕಲಿಸುತ್ತಿದ್ದವರು. ಬೀಳಗಿ, ತೇರದಾಳ, ಬನಹಟ್ಟಿ, ಮುಧೋಳ ಅಂತ ಎಲ್ಲೆಲ್ಲಿ ವರ್ಗ ಮಾಡಿದರೂ ಮನೆ ಮಾತ್ರ ಊರಲ್ಲೇ ಇತ್ತು. ಶನಿವಾರ ಬಂತೆಂದರೆ ಸಾಲಿಯ ಗಂಟೆ ಹೊಡೆದ ತಕ್ಷಣ ಬಸ್ಸು ಹಿಡಿಯುತ್ತಿದ್ದರು. ವಾರವೆಲ್ಲ ಕೂಡಿಟ್ಟ ಜಗಳವನ್ನು ಭಾನುವಾರ ಆಡಿ ಮುಗಿಸಬೇಕಲ್ಲ! ಜಗಳಕ್ಕೆ ಮುಂಚೆ ಚಶ್ಮಾ ತೆಗೆದು ಜೇಬಿಗೆ ಹಾಕುವುದು ಅವರ ಪದ್ಧತಿ. ಯಾಕೆ ಕಾಕಾ ಅಂತ ಒಮ್ಮೆ ಕೇಳಿದ್ದಕ್ಕೆ, "ಎದುರಿನವನ ಮಾರಿ ಮಸುಕ ಕಾಣಬೇಕವಾ. ಸಾಫ್ ಕಂಡ್ರ ನನಗ ಕನಿಕರ ಬಂದಬಿಡತೈತಿ" ಅಂದರು.

ಅವರ ಓಣಿಯ ಒಬ್ಬ ಸಿಟ್ಟಿನ ಭರದಲ್ಲಿ ಹೆಂಡತಿಗೆ ಮೂರು ಸಲ ತಲಾಖ್ ಅಂದು ಬಾಗಿಲು ಹಾಕಿಕೊಂಡಿದ್ದ. ಆ ಹೆಣ್ಣುಮಗಳು ಕೂಸು ಎತ್ತಿಕೊಂಡು ಬೀದಿಯಲ್ಲಿ ನಿಂತಿದ್ದಳು. ಮಾಸ್ತರು ಹೋಗಿ ಅವನ ಕಟ್ಟೆಯ ಮೇಲೆ ಕೂತುಬಿಟ್ಟರು. ಏಳ್ರಿ ಅಂದರೆ ಏಳಲಿಲ್ಲ. ಒಳಗಿದ್ದವನಿಗೆ ಕೇಳುವಂತೆ, ಇಡೀ ಓಣಿಗೆ ಕೇಳುವಂತೆ ಕೂಗಿದರು.

"ಏ ಹೀರೋ! ಹಳೇ ಟ್ರ್ಯಾಕ್ಟರ್ ಮಾರಾಕ ಒಂದ ವರ್ಷ ವಿಚಾರ ಮಾಡಿದಿ. ಬಾಳೇವು ಮುರಿಯಾಕ ಒಂದ ಕಪ್ ಚಹಾ ಕುಡಿಯೂವಷ್ಟ ಹೊತ್ತೂ ಬ್ಯಾಡಾತೇನ ನಿನಗ?"

ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಹಿರಿಯರು ಮಾತ್ರ ಕೆಂಡವಾದರು. ಧರ್ಮದಲ್ಲಿ ಇವನ್ಯಾರು ಬಾಯಿ ಹಾಕಲು ಅಂದರು. ಮಾಸ್ತರು ಕುರಾನಿನ ಕನ್ನಡ ಅನುವಾದ ತಂದು ಅಲ್ಲೇ ಬಿಚ್ಚಿ, ಗಂಡ ಹೆಂಡಿರ ನಡುವೆ ಎರಡೂ ಕಡೆಯ ಹಿರಿಯರು ಕೂತು ಮಾತಾಡಬೇಕೆಂಬುದನ್ನು ಎಲ್ಲರಿಗೂ ಓದಿ ಹೇಳಿದರು. ಸಂಜೆಗೆ ಬಾಗಿಲು ತೆರೆಯಿತು. ಅಂದಿನಿಂದ ಪ್ರತಿ ಭಾನುವಾರ ಅವರ ಪಡಸಾಲೆಯಲ್ಲಿ ಹೆಂಗಸರು ಕೂತು ಕನ್ನಡದಲ್ಲಿ ಓದಿಸಿ ಕೇಳತೊಡಗಿದರು. "ಅರ್ಥ ಆಗಲಾರದ್ದಕ್ಕ ತಲಿ ಬಾಗಸೂದು ಭಕ್ತಿ ಅಲ್ಲ, ಅಂಜಿಕಿ" ಎನ್ನುವುದು ಅವರು ಆಗಾಗ ಆಡುತ್ತಿದ್ದ ಮಾತು. ಮಗಳು ಶಮೀಮಳನ್ನು ಜಮಖಂಡಿಯ ಕಾಲೇಜಿಗೆ ಕಳಿಸಿದಾಗಲೂ ಮಸೂತಿಯ ಮುಂದೆ ಗದ್ದಲವಾಯಿತು. ನಾನೂ ಶಮೀಮಳೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು, ಆ ಗದ್ದಲದ ಸುದ್ದಿ ಹೇಳಿಕೊಂಡು ನಗುತ್ತ.

ಈಗ ನಮ್ಮ ಅಪ್ಪನ ವಿಷಯ ಹೇಳಬೇಕು, ಅವನನ್ನು ಬಿಟ್ಟು ಮಾಸ್ತರ ಕತೆ ಮುಂದೆ ಹೋಗುವುದಿಲ್ಲ. ಅಪ್ಪ ಸಿದ್ದಪ್ಪ. ನಾವು ಕುರಿ ಸಾಕುವ ಹಾಲುಮತದವರು, ಬೀರಪ್ಪನ ಒಕ್ಕಲು. ಊರ ಬೀರಪ್ಪನ ಗುಡಿಯ ಹಿರೇತನ ನಮ್ಮ ಮನೆಗೆ. ಅಪ್ಪನೂ ಮಾಸ್ತರೂ ಸಾಲಿಯಲ್ಲಿ ಒಂದೇ ಮಣೆಯ ಮೇಲೆ ಕೂತವರು. ಮಾಸ್ತರಿಗೆ ಅಪ್ಪ ಕೊನೆಯವರೆಗೂ "ಸಿದ್ದ್ಯಾ", ಅಪ್ಪನಿಗೆ ಅವರು "ಲೇ ಮಾಸ್ತರಾ". ಊರೆಲ್ಲ "ರೀ" ಹಚ್ಚಿ ಮಾತಾಡಿಸುವವರನ್ನು ಅಪ್ಪ "ಲೇ" ಅಂದಾಗ ನಮಗೆಲ್ಲ ಒಂಥರಾ ಹೆಮ್ಮೆ.

ನಮ್ಮೂರಿನಲ್ಲಿ ಎರಡು ಪದ್ಧತಿಗಳಿದ್ದವು. ಮೊಹರಮ್ಮಿಗೆ ಮಸೂತಿಯ ಮುಂದೆ ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಿದ್ದರು. ಆ ಕುಣಿಗೆ ಮೊದಲ ಗುದ್ದಲಿ ಹಾಕುವ ಹಕ್ಕು ನಮ್ಮ ಮನೆಯದು. ಅಪ್ಪ ಸ್ನಾನ ಮಾಡಿ, ಭಂಡಾರ ಹಚ್ಚಿಕೊಂಡೇ ಹೋಗಿ ಗುದ್ದಲಿ ಹಾಕಿ ಬರುತ್ತಿದ್ದ. ಉರಿಯಲು ಕಟ್ಟಿಗೆ ಹೋಗುತ್ತಿದ್ದುದೂ ನಮ್ಮ ಹೊಲದ ಜಾಲಿಯಿಂದಲೇ. ಹಾಗೆಯೇ ಬೀರಪ್ಪನ ಗುಡಿಯ ಪಕ್ಕ ಮಾಯವ್ವನ ಕಟ್ಟೆ ಇದೆ. ವರ್ಷಕ್ಕೊಮ್ಮೆ ಅಲ್ಲಿ ಕುರಿ ಕೊಡುತ್ತಿದ್ದರು. ಆ ಕುರಿ ಕೊಯ್ಯುವವನು ಮುಲ್ಲಾನೇ ಆಗಬೇಕು. ಲಾಲಸಾಬ ಮುಲ್ಲಾ ಬಂದು ತನ್ನ ಮಂತ್ರ ಹೇಳಿ ಚೂರಿ ಹಾಕದ ಹೊರತು ನಮ್ಮವರ್‍ಯಾರೂ ಆ ಮಾಂಸ ಮುಟ್ಟುತ್ತಿರಲಿಲ್ಲ. ಮಾಯವ್ವನ ಪಾಲು ಎತ್ತಿಟ್ಟ ಮೇಲೆ ಮೊದಲ ಪಾಲು ಅವನಿಗೆ. ಯಾರು ಯಾವಾಗ ಹೀಗೆ ಹಂಚಿದರೋ ಗೊತ್ತಿಲ್ಲ, ಯಾರಿಗೂ ಇದು ವಿಚಿತ್ರ ಅನ್ನಿಸಿರಲೇ ಇಲ್ಲ.

ಒಂದು ಮೊಹರಮ್ಮಿನಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಹರಕೆ ಹೊತ್ತು, ಹೊಟ್ಟೆಯಲ್ಲಿ ಒಂದಿಷ್ಟು ಹಾಕಿಕೊಂಡು ಕೆಂಡ ಹಾಯಲು ಹೋಗಿ ಮುಗ್ಗರಿಸಿದ. ಕೈ ಕಾಲು ಎರಡೂ ಸುಟ್ಟವು. ಜಮಖಂಡಿಯ ದವಾಖಾನೆಯಲ್ಲಿ ಬಹಳ ದಿನ ಬಿದ್ದುಕೊಂಡಿದ್ದ. ಅವನನ್ನು ನೋಡಿ ಬಂದ ಮಾಸ್ತರು ನಮ್ಮ ಕಟ್ಟೆಯ ಮೇಲೆ ಕುಸಿದು ಕೂತರು. ಅಪ್ಪ ಸಮಾಧಾನ ಹೇಳಿದ.

"ಅವನ ಹರಕಿ, ಅವನ ಹಣಿಬರಹ. ನೀ ಯಾಕ ಹಚ್ಚಿಕೋತಿಲೇ?"

"ನಮ್ಮ ಧರ್ಮದಾಗ ಇಲ್ಲದ ಬೆಂಕಿ ಸಿದ್ದ್ಯಾ, ನಮ್ಮ ಅಂಗಳದಾಗ ಉರದು ನಿಮ್ಮ ಹುಡುಗನ್ನ ಸುಟ್ಟೈತಿ. ನಾ ಈ ಕುಣಿ ಮುಚ್ಚಸಾಂವ. ನನ್ನ ಮಂದಿ ನನ್ನ ಕಡೀಲಿ ಬೇಕಾದ್ರ."

ಅದಕ್ಕೆ ಅಪ್ಪ ಹೇಳಿದ್ದು ನನಗೆ ನೆನಪಿದೆ. "ನೀ ಬೆಂಕಿ ಆರಿಸಿದ್ರ ನಾ ಮಾಯವ್ವನ ಮುಂದಿನ ಕುರಿ ನಿಲ್ಲಸ್ತೇನಿ. ನಾ ಕರದ್ರ ಬರತಾವಲೇ ಅವು. ನನ್ನ ದನಿ ನಂಬಿ ಬೆನ್ನ ಹತ್ತಿ ಬರತಾವ. ಕರಕೊಂಡ ಹೋಗಿ ಚೂರಿ ಬುಡಕ ನಿಂದರಸೂದು ನನಗ ಸಾಕಾಗೈತಿ."

ಹೇಳುವುದು ಸುಲಭ, ಮಾಡಿಸುವುದು ಬೆವರು. ಅತ್ತ ಮಾಸ್ತರಿಗೆ "ಇವ ದೀನ್ ಬಿಟ್ಟಾನ" ಅಂದರು, ಇತ್ತ ಅಪ್ಪನಿಗೆ "ದೇವಿ ನಿನ್ನ ಮನಿ ಮುರೀತಾಳ" ಅಂದರು. ಮಾಯವ್ವನ ಹೆಸರಿನಲ್ಲಿ ಮೈಮೇಲೆ ಬರುತ್ತಿದ್ದ ಮುದುಕಿಯೊಬ್ಬಳು ಅಪ್ಪನ ಮಾರಿಗೆ ಭಂಡಾರ ಎರಚಿ ಶಾಪ ಹಾಕಿದಳು. ಇಬ್ಬರೂ ತಮ್ಮ ತಮ್ಮವರಿಂದ ಉಗುಳಿಸಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂತು, ಯಾರಿಗೆ ಹೆಚ್ಚು ಬೈಗುಳ ಬಿದ್ದವೆಂದು ಪೈಪೋಟಿಯ ಮೇಲೆ ಹೇಳಿಕೊಳ್ಳುತ್ತಿದ್ದರು. ಅವ್ವ ಚಹಾ ತಂದಿಟ್ಟು, "ಎರಡೂ ಒಂದ ತಕ್ಕಡಿ ಕಪ್ಪಿ" ಎಂದು ಗೊಣಗಿ ಒಳಗೆ ಹೋಗುತ್ತಿದ್ದಳು.

ವರ್ಷಗಳು ಹಿಡಿದವು, ಆದರೆ ಆಯಿತು. ಕುಣಿ ಮುಚ್ಚಿ ಮೇಲೆ ಫರಸಿ ಕಲ್ಲು ಹಾಸಿದರು. ಮಾಯವ್ವನ ಕಟ್ಟೆಗೆ ಕುರಿ ಬರುವುದು ನಿಂತು ಹುಗ್ಗಿಯ ಎಡೆ ಬಂತು. ಕುರಿ ನಿಂತ ಮೇಲೆ ಅಪ್ಪ ಅಷ್ಟಕ್ಕೇ ಬಿಡದೆ ಕೇರಿಯವರನ್ನು ಗುಡಿಯ ಒಳಗೆ ಕರೆತಂದು, ಎಲ್ಲರ ಸಾಲಿನಲ್ಲೇ ಕೂರಿಸಿ ಹುಗ್ಗಿ ಬಡಿಸಿದ. ಅವತ್ತು ನನ್ನ ಆ ಗೆಳತಿ ನಮ್ಮ ಅಜ್ಜಿಯ ಪಕ್ಕದಲ್ಲೇ ಕೂತು ಉಂಡಳು. ಅಜ್ಜಿ ಮುಖ ಗಂಟು ಹಾಕಿಕೊಂಡಳು, ಎದ್ದು ಮಾತ್ರ ಹೋಗಲಿಲ್ಲ. ಮಾಸ್ತರು ಗುಡಿಯ ಹೊರಗೆ ನಿಂತು ನೋಡಿ ಕಣ್ಣು ಒರೆಸಿಕೊಂಡರು. ಸುಧಾರಣೆ ಅಂದರೆ ಹೀಗೆ, ಯಾರೂ ಯಾರ ಮನೆಯ ಮೇಲೂ ಕಲ್ಲು ಒಗೆಯದೆ ಎರಡೂ ಮನೆ ಸ್ವಚ್ಛವಾಗುತ್ತವೆ ಅಂತ ನಾವೆಲ್ಲ ನಂಬಿದೆವು. ನಂಬಿಕೆ ಸುಳ್ಳಾಗಿರಲಿಲ್ಲ, ಆ ಮಾತನ್ನು ಇವತ್ತೂ ನಾನು ಹಿಂದಕ್ಕೆ ತೆಗೆದುಕೊಳ್ಳಲಾರೆ.

ಅವತ್ತು ಪಾತ್ರೆ ತೊಳೆಯುತ್ತ ಅವ್ವ ಒಂದು ಮಾತು ಅಂದಳು. "ಈ ಸಲ ಲಾಲಸಾಬ ಗುಡಿ ಕಡೆ ಹಾಯಲೇ ಇಲ್ಲಲ್ಲ." ಕುರಿ ಇಲ್ಲದ ಮೇಲೆ ಮುಲ್ಲಾ ಯಾಕೆ ಬರುತ್ತಾನೆ ಅಂದೆ ನಾನು. ಮುಂದಿನ ಮೊಹರಮ್ಮಿಗೆ ಅಪ್ಪನೂ ಮಸೂತಿಯ ಕಡೆ ಹೋಗಲಿಲ್ಲ. ಕುಣಿ ಇಲ್ಲ, ಗುದ್ದಲಿ ಯಾತಕ್ಕೆ? ಮಾಸ್ತರಿಗಾಗಲಿ ಅಪ್ಪನಿಗಾಗಲಿ ಇದರಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಅವರಿಬ್ಬರೂ ಪ್ರತಿ ಭಾನುವಾರ ಕಟ್ಟೆಯ ಮೇಲೆ ಕೂಡುತ್ತಿದ್ದರು. ಉಳಿದವರು ಕೂಡಲು ಏನಿದೆ ಎಂದು ಅವರ ತಲೆಗೆ ಹೊಳೆಯಲಿಲ್ಲ.

ಅಪ್ಪ ತೀರಿಕೊಂಡ. ಲಾಲಸಾಬ ಮುಲ್ಲಾನೂ ಹೋದ. ಗುಡಿಯ ಹಿರೇತನ ನನ್ನ ತಮ್ಮ ಬೀರಪ್ಪನಿಗೆ, ನಮ್ಮೆಲ್ಲರ ಬೀರುಗೆ, ಬಂತು. ಲಾಲಸಾಬನ ಮಗ ದಸ್ತಗೀರ ಊರ ಬಸ್‌ಸ್ಟ್ಯಾಂಡಿನ ಹತ್ತಿರ ವೆಲ್ಡಿಂಗ್ ಅಂಗಡಿ ಹಾಕಿದ. ನಾನು ಜಮಖಂಡಿಯ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಮನೆ ಮಾಡಿದೆ. ಊರಿಗೆ ಹೊಸ ಸುಧಾರಕರು ಬರತೊಡಗಿದರು. ಮಸೂತಿಗೆ ಬಂದವರು ಮೊಹರಮ್ಮಿಗೆ ಹಸ್ತದ ಪಂಜಾ ಕೂರಿಸುವುದೂ ತಪ್ಪು, ಗುಡಿಯ ಪ್ರಸಾದ ತಿನ್ನುವುದೂ ತಪ್ಪು ಅಂದರು. ಗುಡಿಯ ಕಡೆಗೆ ಬಂದವರು ಇನ್ನು ಮೊಹರಮ್ಮಿಗೆ ನಮ್ಮವರು ಹೋಗಕೂಡದು, ನಮ್ಮದು ನಮಗೆ ಅಂದರು. ಇವರೂ ಸುಧಾರಣೆ ಎಂದೇ ಹೇಳುತ್ತಿದ್ದರು. ಮಾಸ್ತರು ತಮ್ಮ ಕಡೆಯವರ ಜೊತೆ ಕಾದಾಡಿದರು. ಗುಡಿಯ ಕಡೆ ಕಾದಾಡಲು ಅಪ್ಪನಂಥವರು ಯಾರೂ ಉಳಿದಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಊರ ಒಬ್ಬ ಹುಡುಗ ಫೋನಿನಲ್ಲಿ ಕೆಟ್ಟದ್ದೊಂದು ಸ್ಟೇಟಸ್ ಹಾಕಿದ. ಇನ್ನೊಬ್ಬ ಅದಕ್ಕಿಂತ ಕೆಟ್ಟದ್ದನ್ನು ಹಾಕಿದ. ಒಂದು ಅಂಗಡಿಯ ಗಾಜು ಒಡೆಯಿತು. ನಮ್ಮೂರಿನಲ್ಲಿ ಮೊದಲ ಸಲ ಪೊಲೀಸ್ ವ್ಯಾನು ಬಂದು ಬಸ್‌ಸ್ಟ್ಯಾಂಡಿನಲ್ಲಿ ಠಿಕಾಣಿ ಹೂಡಿತು. ಸುದ್ದಿ ಕೇಳಿ ನಾನು ಭಾನುವಾರ ಊರಿಗೆ ಬಂದರೆ, ಮಾಸ್ತರು ಬೀರುವನ್ನು ಕರೆದುಕೊಂಡು ಹೋಗಲು ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಬಾರಲೇ ಬೀರು, ಮಸೂತಿಗೆ ಹೋಗಿ ಕುಂಡ್ರೂಣು. ದಸ್ತಗೀರನ್ನ ಸಂಜೀಕ ಗುಡಿಗೆ ಕರಕೊಂಡ ಬರತೇನಿ. ಎರಡೂ ಮನಿಯವ್ರು ಕುಂತದ್ದ ಕಂಡ್ರ ಊರ ತಾನ ತಣ್ಣಗ ಆಗತೈತಿ."

ಬೀರು ಒಳ್ಳೆಯ ಹುಡುಗ, ಮಾಸ್ತರೆಂದರೆ ಪ್ರಾಣ. ಆದರೂ ಚಪ್ಪಲಿ ಮೆಟ್ಟಲಿಲ್ಲ.

"ನಾ ಅಲ್ಲಿ ಹೋಗಿ ಏನ ಮಾಡ್ಲಿ ಕಾಕಾ? ಅಪ್ಪಗ ಗುದ್ದಲಿ ಇತ್ತು. ಹೋಗತಿದ್ದ. ಯಾಕ ಬಂದಿ ಅಂತ ಯಾರೂ ಕೇಳತಿದ್ದಿಲ್ಲ. ನನ್ನ ಕೇಳಿದ್ರ ಏನ ಹೇಳ್ಲಿ? ಗುದ್ದಲಿ ನೀವ ಬಿಡಿಸಿದ್ರಿ."

ಅವನ ಮಾತಿನಲ್ಲಿ ಆಕ್ಷೇಪವಿರಲಿಲ್ಲ, ಇದ್ದದ್ದನ್ನೇ ಹೇಳಿದ್ದ. ಮಾಸ್ತರು ದಸ್ತಗೀರನ ಅಂಗಡಿಗೆ ಹೊರಟರು, ನಾನೂ ಜೊತೆಗೆ ಹೋದೆ. ಅವನು ಗೇಟು ಬೆಸೆಯುವುದನ್ನು ನಿಲ್ಲಿಸಿ ಎದ್ದು ನಿಂತ, ನನ್ನ ಕಡೆ ತಿರುಗಿ "ಆರಾಮ ಅದೀ ಅಕ್ಕಾ?" ಅಂದ. ಮಾಸ್ತರ ಮಾತು ಕೇಳಿ ಅವನೂ ಹೆಚ್ಚುಕಡಿಮೆ ಅದನ್ನೇ ಹೇಳಿದ. "ನಮ್ಮಪ್ಪ ಚೂರಿ ಹಿಡಕೊಂಡ ಗುಡಿ ಮುಂದ ನಿಂತಾಗ ಯಾರೂ ಅಂಜತಿದ್ದಿಲ್ಲ ಕಾಕಾ. ನಾ ಬರಿಗೈಲೆ ಹೋದ್ರ ಅಂಜತಾರ."

ಮಾಸ್ತರು ವಾಪಸು ನಮ್ಮ ಮನೆಗೇ ಬಂದರು. ನಮ್ಮ ಕಟ್ಟೆಯ ಮೇಲೆ, ಅಪ್ಪ ಕೂರುತ್ತಿದ್ದ ಜಾಗ ಬಿಟ್ಟು ಇತ್ತ ಕೂತರು. ನನಗೆ ತಡೆಯಲಾಗಲಿಲ್ಲ.

"ಹಂಗಾದ್ರ ಬೆಂಕಿನ ಛಲೋ ಇತ್ತೇನ್ರಿ ಕಾಕಾ? ಕುರಿ ಕಡಿಯೂದ ಛಲೋ ಇತ್ತೇನ?"

"ಖರೆ ಹೇಳ್ಲೇನ? ಛಲೋ ಇರಲಿಲ್ಲ. ನಾಳೆ ಮತ್ತ ಕುಣಿ ತೋಡತೇವಂದ್ರ ನಾ ಅಡ್ಡ ಬೀಳಾಂವನ. ಇನ್ನೊಬ್ಬರ ಮಗನ ಕಾಲ ಸುಟ್ಟು ಬರೂ ಶಾಂತಿ ನನಗ ಬ್ಯಾಡ." ಅಪ್ಪನ ಜಾಗದ ಕಡೆ ಕೈ ಮಾಡಿ ಹೇಳಿದರು. "ಆದ್ರ ಯವ್ವಾ, ನಾನೂ ನಿಮ್ಮಪ್ಪನೂ ಅರ್ಧಾ ಕೆಲಸಾ ಮಾಡಿದ್ವಿ. ಕೆಟ್ಟದ್ದ ಬಿಡಿಸಿದ್ವಿ. ಕೆಟ್ಟದ್ದರ ನೆವಾ ಮಾಡಿ ಮಂದಿ ಒಬ್ಬರ ಅಂಗಳಕ್ಕ ಒಬ್ಬರು ಬರತಿದ್ರಲಾ, ಅವರ ಕೈಗೆ ಬ್ಯಾರೆ ನೆವಾ ಏನೂ ಕೊಡಲಿಲ್ಲ. ಬರಿಗೈಲೆ ಬಿಟ್ವಿ. ಅದು ನಮಗ ತಿಳೀಲೇ ಇಲ್ಲ ನೋಡ."

ಅವ್ವ ಪಾತ್ರೆ ತೊಳೆಯುತ್ತ ಅಂದಿದ್ದ ಮಾತನ್ನು ಅವರಿಗೆ ಹೇಳಿದೆ. ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. "ಅವತ್ತ ಯಾಕ ಹೇಳಲಿಲ್ಲ ಅಕಿ" ಅಂದರು. ಹೇಳಿದ್ದಳು, ಯಾರೂ ಕೇಳಿಸಿಕೊಂಡಿರಲಿಲ್ಲ ಅಷ್ಟೇ.

ಮಾಸ್ತರು ಕೈಕಟ್ಟಿ ಕೂರುವ ಜಾತಿಯವರಲ್ಲ. ಆ ವರ್ಷವೆಲ್ಲ ಮನೆ ಮನೆ ತಿರುಗಿ ಎರಡು ಹೊಸ ಪದ್ಧತಿ ಹುಟ್ಟಿಸಲು ಹೆಣಗಿದರು. ಮಾಯವ್ವನ ಕಟ್ಟೆಯಲ್ಲಿ ಹುಗ್ಗಿಯ ಕೊಪ್ಪರಿಗೆಗೆ ಮೊದಲ ಒಲೆ ಹಚ್ಚುವುದು ಮುಲ್ಲಾನ ಮನೆಯವರ ಹಕ್ಕು. ಮೊಹರಮ್ಮಿಗೆ ಮಸೂತಿಯ ಮುಂದೆ ಶರಬತ್ತಿನ ಮೊದಲ ಕೊಡ ಬರಬೇಕಾದದ್ದು ನಮ್ಮ ಮನೆಯಿಂದ. ಗುಡಿಯ ಹಿರಿಯರ ಹತ್ತಿರ ಮಾತಾಡುವಾಗ ತಾವು ಹೋಗದೆ ಬೀರುವನ್ನು ಕಳಿಸಿದರು, ತಮ್ಮ ಕಟ್ಟಳೆ ಮುರಿಯಬಾರದಲ್ಲ! ಆಶ್ಚರ್ಯವೆಂದರೆ ಎರಡೂ ಕಡೆಯ ಹಿರಿಯರು ಒಪ್ಪಿದರು. ಮಾಸ್ತರಿಗೆ ಹತ್ತು ವರ್ಷ ಕಡಿಮೆಯಾದಂತಾಗಿತ್ತು. ನನಗೆ ಫೋನ್ ಮಾಡಿ, "ರಜಾ ಹಾಕಿ ಬಾರವಾ, ನಿಮ್ಮಪ್ಪನ ಕೆಲಸಾ ಪೂರಾ ಆಗಾಕತ್ತೈತಿ" ಅಂದರು.

ರಜೆ ಹಾಕಿ ಹೋದೆ. ದಸ್ತಗೀರ ಬಿಳಿ ಅಂಗಿ ತೊಟ್ಟು ಬಂದಿದ್ದ. ಎಲ್ಲರೂ ನೋಡುತ್ತಿದ್ದರಿಂದ ಅವಸರದಲ್ಲಿ ಗೀರಿದ ಕಡ್ಡಿಗಳು ಆರುತ್ತಲೇ ಹೋದವು. "ನಿನ್ನ ವೆಲ್ಡಿಂಗ್ ಮಿಶನ್ ತರಬೇಕಿತ್ತಲೇ" ಎಂದು ಬೀರು ಚೇಷ್ಟೆ ಮಾಡಿದ. ಕೇರಿಯವರು, ಒಕ್ಕಲಿನವರು ಎಲ್ಲ ಘೊಳ್ಳೆಂದು ನಕ್ಕರು. ಒಲೆ ಹತ್ತಿತು. ಅವ್ವ ಅವನನ್ನು ಕೂರಿಸಿ ತುಪ್ಪ ಹಾಕಿ ಹುಗ್ಗಿ ಉಣ್ಣಿಸಿದಳು. ಅಷ್ಟು ನಿರಾಳವಾಗಿ ನಮ್ಮೂರು ನಕ್ಕದ್ದನ್ನು ನಾನು ಅಪ್ಪ ಹೋದ ಮೇಲೆ ಕಂಡಿರಲಿಲ್ಲ.

ಯಾರೋ ಅದನ್ನು ಫೋನಿನಲ್ಲಿ ತೆಗೆದಿದ್ದರು. ಸಂಜೆಯೊಳಗೆ ಎರಡೂ ಕಡೆಯ ಗುಂಪುಗಳಲ್ಲಿ ಹರಿದಾಡಿತು. ಒಂದು ಕಡೆ, ದೇವಿಯ ಮುಂದೆ ಬಾಗಿದ ಮುಲ್ಲಾನ ಮಗನನ್ನು ನೋಡಿರಿ ಅಂತ. ಇನ್ನೊಂದು ಕಡೆ, ನಮ್ಮ ಪ್ರಸಾದಕ್ಕೆ ಯಾರ ಕೈ ಹತ್ತಿದೆ ನೋಡಿರಿ ಅಂತ. ಅವನು ಬಾಗಿದ್ದು ಒಲೆ ಊದಲು. ಅದನ್ನು ಯಾರಿಗೆ ಹೇಳುವುದು? ದಸ್ತಗೀರನ ತಂಗಿಗೆ ಬನಹಟ್ಟಿಯ ಕಡೆ ಮದುವೆ ಗೊತ್ತಾಗಿತ್ತು. ಬೀಗರು ಒಲ್ಲೆವೆಂದು ಹೇಳಿ ಕಳಿಸಿದರು.

ಮಾಸ್ತರು ಬನಹಟ್ಟಿಗೆ ಹೋದರು. ಮದುವೆಯ ಹುಡುಗನ ತಂದೆ ಅವರ ಹಳೆಯ ವಿದ್ಯಾರ್ಥಿ. ಕೂರಿಸಿ, ಕಾಲಿಗೆ ನಮಸ್ಕಾರ ಮಾಡಿ, ಚಹಾ ಕೊಟ್ಟು, "ಸರ, ನೀವ ಹೇಳೂದ ನನಗ ತಿಳೀತೈತಿ. ಆದ್ರ ನಾ ಓಣ್ಯಾಗ ಬಾಳೇವು ಮಾಡಬೇಕ್ರಿ" ಅಂದನಂತೆ. ಚಶ್ಮಾ ತೆಗೆಯದೆ ಎಲ್ಲ ಕೇಳಿಸಿಕೊಂಡು ಬಂದರು. ಮೊಹರಮ್ಮು ಬಂತು. ಅವ್ವ ಶರಬತ್ತು ಮಾಡಿ ಕೊಡ ತುಂಬಿಸಿದಳು. ಬೀರು ಅದನ್ನು ಹೊರಲಿಲ್ಲ. "ನಾ ಹೋದ್ರ ಅವಗ ಇನ್ನೂ ತ್ರಾಸ ಆಗತೈತಿ" ಅಂದ. ಮಾಸ್ತರು ಮಸೂತಿಯ ಮುಂದೆ ಕಾದು ಕಾದು ಮನೆಗೆ ಹೋದರು. ಅಷ್ಟೂ ಶರಬತ್ತನ್ನು ನಾವು ಓಣಿಯವರಿಗೆ ಹಂಚಿದೆವು.

ಆಮೇಲೆ ಅವರು ಜಗಳ ಬಿಟ್ಟರು. ಅವರು ಹೋಗುತ್ತಾರೆ ಅಂತ ನನಗೆ ಗೊತ್ತಾದದ್ದು ಆಗಲೇ, ಡಾಕ್ಟರು ಹೇಳುವುದಕ್ಕಿಂತ ಬಹಳ ಮುಂಚೆ. ಭಾನುವಾರದ ಓದು ನಡೆಯುತ್ತಿತ್ತು, ಆದರೆ ಓದುವವಳು ಶಮೀಮ. ಅವರು ಮೂಲೆಯಲ್ಲಿ ಕೂತು ಕೇಳುತ್ತಿದ್ದರು. ಕಡೆಯ ಸಲ ಕಂಡಾಗ ನಾನು ಬೇಕೆಂದೇ ಕೆಣಕಿದೆ. "ಏನ್ ಕಾಕಾ, ಯಾರಿಗೂ ಬೈಯಾಕತ್ತಿಲ್ಲಂತ? ಮಂದಿ ಅಷ್ಟ ಸುಧಾರಿಸ್ಯಾರೇನ?" ನಕ್ಕರು. "ಬೈಯಾಕ ಹಕ್ಕ ಬೇಕವಾ. ಆ ಹುಡುಗಿ ಮನ್ಯಾಗ ಕುಂತಾಳ. ಅಕಿ ಅಣ್ಣಗ ಒಲಿ ಹಚ್ಚಂದಾಂವ ನಾನು." ಹಾಗೆನ್ನಬೇಡಿ ಎಂದು ನಾನು ಅತ್ತುಬಿಟ್ಟೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, ಬ್ಯಾಂಕಿನಲ್ಲಿ ಕನ್ನಡ ಅರ್ಜಿ ತೆಗೆದುಕೊಳ್ಳುತ್ತೀರೋ ಇಲ್ಲವೋ ಎಂದು ವಿಚಾರಿಸತೊಡಗಿದರು.

ಅವರು ತೀರಿಕೊಂಡ ದಿನ ನಾನು ಹೆಂಗಸರ ಜೊತೆ ಅವರ ಹೆಂಡತಿ ಚಾಚಿಯ ಪಕ್ಕ ಕೂತಿದ್ದೆ. ಮಧ್ಯಾಹ್ನದ ನಮಾಜು ಮುಗಿಸಿ ಗಂಡಸರು ಹೊತ್ತು ನಡೆದರು. ಅಪ್ಪನ ಕಾಲದಲ್ಲಾಗಿದ್ದರೆ ಆ ಹೆಗಲುಗಳಲ್ಲಿ ಅರ್ಧ ನಮ್ಮ ಓಣಿಯವಿರುತ್ತಿದ್ದವು. ಸಂಜೆ ಮನೆಗೆ ಬಂದರೆ ಬೀರು ಸ್ನಾನವನ್ನೂ ಮಾಡದೆ ಅಂಗಳದಲ್ಲಿ ಕೂತಿದ್ದ.

"ಮಣ್ಣ ಹಾಕಿ ಬಂದೇನೋ?" ಅಂದೆ.

"ಕಬರಸ್ತಾನದ ಮುಂದ ರಸ್ತಾದಾಗ ಗಾಡಿ ಹಚ್ಚಿ ನಿಂತಿದ್ನಿ. ದಸ್ತಗೀರ ನನ್ನ ನೋಡಿದ. ಬಾ ಅನ್ನಲಿಲ್ಲ. ನಾ ಒಳಗ ಹೋದ್ರ ಅವನ ಮನಿಗೆ ಮತ್ತ ಏನರ ಬರತೈತಿ ಅಂತ ನಾನೂ ಹೋಗಲಿಲ್ಲ."

ಮೂರನೆಯ ದಿನ ಮಾಸ್ತರ ಮನೆಯಲ್ಲಿ ದಸ್ತಗೀರ ಬಾಡಿಗೆಯ ಕುರ್ಚಿಗಳನ್ನು ಗಾಡಿಗೆ ಹೇರುತ್ತಿದ್ದ. ನಾನು ಸೀದಾ ಹೋಗಿ ಕೇಳಿದೆ, ಒಂದು ಬಾ ಅನ್ನಲು ನಿನ್ನ ನಾಲಿಗೆಗೆ ಏನಾಗಿತ್ತು ಅಂತ.

"ಅವ ಬರತಾನಂತ ಸರದ ಜಾಗಾ ಬಿಟ್ಟ ನಿಂತಿದ್ನಿ ಅಕ್ಕಾ. ಎಲ್ಲಾರದೂ ಮಣ್ಣ ಹಾಕೂದ ಆತು, ಆದ್ರೂ ನಿಂತಿದ್ನಿ. ನಾ ಕರದ್ರ ಯಾವನರ ಫೋನ್ ತಗೀತಾನ, ಬೀರುಗ ಅವರ ಮಂದಿ ಬಿಡೂದಿಲ್ಲ ಅಂತ ಸುಮ್ಮ ಆದ್ನಿ."

ಅವನು ಕುರ್ಚಿ ಹೇರುವುದನ್ನು ಮುಂದುವರಿಸಿದ. ನಾನು ಅಲ್ಲಿಂದ ಮನೆಗೆ ಹೇಗೆ ಬಂದೆನೋ ತಿಳಿಯದು. ಬೀರುಗೆ ಅವನ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಬೀರು ನೆಲ ನೋಡುತ್ತ ಕೂತ. ಈಗಲಾದರೂ ಎದ್ದು ಹೋಗೋ, ಅವನು ಅಲ್ಲೇ ಇದ್ದಾನೆ ಅಂತ ಬೆನ್ನಿಗೆ ಗುದ್ದಿದೆ. ಅವನು ತಲೆ ಎತ್ತಿ, ಚಿಕ್ಕಂದಿನಲ್ಲಿ ಲೆಕ್ಕ ತಿಳಿಯದಾಗ ನೋಡುತ್ತಿದ್ದ ಹಾಗೆ ನನ್ನನ್ನು ನೋಡಿ ಕೇಳಿದ.

"ಹೋಗತೇನಿ ಅಕ್ಕಾ. ಹೋಗಿ ಏನಂತ ಹೇಳ್ಲಿ?"

ಇದಕ್ಕೆ ಉತ್ತರ ಹೊಳೆಯುವಂಥವರು ಊರಿಗೆ ಒಬ್ಬರಿದ್ದರು. ಅವರನ್ನೇ ಮಣ್ಣು ಮಾಡಿ ಬಂದಿದ್ದರು.